ಹಾಲಜ್ಜಿ ಹಾಕಿದ ಗಂಟು

ಹಾಲಜ್ಜಿ ಹಾಕಿದ ಗಂಟನ್ನು ಬಿಚ್ಚಲು ಹಾಲಜ್ಜಿಯೇ ಬರಬೇಕು ಎಂಬ ಮಾತು ಆ ಬೀದಿಯಲ್ಲಿ ಗಾದೆಯ ಹಾಗೆ ಓಡಾಡುತ್ತಿತ್ತು. ಯಾರದಾದರೂ ದನ ಹಗ್ಗ ಜಾರಿಸಿಕೊಂಡು ಓಡಿದರೆ, ಅಂಗಡಿಯ ಟಾರ್ಪಾಲು ಗಾಳಿಗೆ ಕಿತ್ತು ಬಂದರೆ, ಅವಳಿಗೆ ಕರೆ ಹೋಗುತ್ತಿತ್ತು. ಎಳೆದಷ್ಟೂ ಬಿಗಿಯುವ ಆ ಗಂಟನ್ನು ಅವಳು ಮಾತಾಡುತ್ತ ಮಾತಾಡುತ್ತಲೇ ಹಾಕಿ ಕೈ ಝಾಡಿಸಿಬಿಡುವಳು. ಮನೆಯಲ್ಲಿ ಎರಡು ಹಸು, ಒಂದು ಕರು. ಬೀದಿಗೆಲ್ಲ ದಿನವೂ ಹಾಲು ಹಾಕುವ ವರ್ತನೆ ಅವಳದೇ. ಗಂಡ ತೀರಿಕೊಂಡ ಮೇಲೆ ಸಂಸಾರ ನಿಂತದ್ದು ಆ ಹಾಲಿನ ಮೇಲೆ. ಮಗ ಓದಿ ಬಸ್ ಕಂಡಕ್ಟರ್ ಆದದ್ದೂ ಆ ಹಾಲಿನ ಮೇಲೆಯೇ.

ಅವಳು ಗಾಳಿಯಾದರೆ ಸೊಸೆ ಬಂಡೆ. ಕೂತರೆ ಏಳುವುದಕ್ಕೆ ಹೊತ್ತು, ಎದ್ದರೆ ನಡೆಯುವುದಕ್ಕೆ ಹೊತ್ತು. ಮಾತನ್ನೂ ಬಾಯೊಳಗೆ ತೊಳೆದು ಒರೆಸಿ ಆಮೇಲೆ ಹೊರಗಿಡುತ್ತಿದ್ದಳು. ಎಲ್ಲರ ಊಟ ಮುಗಿದು ಕೈ ಒಣಗಿದ ಮೇಲೂ ಅವಳ ತಟ್ಟೆಯಲ್ಲಿ ಅರ್ಧ ಅನ್ನ ಇರುತ್ತಿತ್ತು.

"ಇವಳನ್ನ ಸಾವು ತರೋಕೆ ಕಳಿಸಬೇಕು," ಎಂದು ಹಾಲಜ್ಜಿ ಆಡಿಕೊಳ್ಳುತ್ತಿದ್ದಳು.

"ಕಳಿಸು ಅಜ್ಜಿ, ಎಲ್ಲರೂ ನೂರು ವರ್ಷ ಬದುಕೋಣ," ಎಂದು ಶಾಲೆಗೆ ಹೋಗುವ ಮೊಮ್ಮಗಳು ಅಮ್ಮನ ಪರ ವಹಿಸುತ್ತಿದ್ದಳು.

ಸೊಸೆ ನಗುತ್ತಿದ್ದಳು. ನಗುವೂ ತಡವಾಗಿಯೇ ಬರುತ್ತಿತ್ತು.

ಹಿತ್ತಲಿನಲ್ಲಿ ಹುಲ್ಲಿನ ಬಣವೆ ಇತ್ತು. ಅದರಿಂದ ಹುಲ್ಲು ಹಿರಿಯುವುದಕ್ಕೂ ಹಾಲಜ್ಜಿಯದೊಂದು ಕಟ್ಟಳೆ. ನೆತ್ತಿಯನ್ನು ಯಾರೂ ಮುಟ್ಟಕೂಡದು. ನೆತ್ತಿ ಕೆದರಿದರೆ ಮಳೆನೀರು ಇಳಿದು ಒಳಗೆಲ್ಲ ಕೊಳೆಯುತ್ತದೆ. ಹೊಟ್ಟೆಯಿಂದ ಹಿಡಿ ಹಿಡಿಯಾಗಿ ಎಳೆಯಬೇಕು. ಹಾಗೆ ಎಳೆದೂ ಎಳೆದೂ ಬಣವೆಯ ನಡುವೆ ಒಂದು ಪೊಟರೆ ಆಗಿತ್ತು. ಮೇಲೆ ನೋಡಿದರೆ ಬಾಚಿದ ತಲೆಯಂಥ ಬಣವೆ. ಒಳಗೆ ಬೆಚ್ಚನೆಯ ಕತ್ತಲೆ. ಕೈಯನ್ನು ಮೊಣಕೈವರೆಗೆ ತೂರಿಸಿದರೆ ಮಾತ್ರ ಹುಲ್ಲು ಸಿಗುತ್ತಿತ್ತು.

ಬೆಳಗಿನ ಹಾಲು ಕರೆದಾಗಿತ್ತು. ಕಂಡಕ್ಟರ್ ಮೊದಲ ಟ್ರಿಪ್ಪಿಗೆ ಹೋಗಿದ್ದ, ಹುಡುಗಿ ಶಾಲೆಗೆ. ಹಾಲಜ್ಜಿ ಕ್ಯಾನು ತೊಳೆಯುತ್ತಿದ್ದಾಗ ಹಿತ್ತಲಿನಿಂದ ಸೊಸೆಯ ದನಿ ಕೇಳಿತು. "ಅತ್ತೆ, ಕೈಗೆ ಹಾವು ಕಚ್ಚಿತು."

ಒಲೆ ಆರಿದೆ ಎನ್ನುವಷ್ಟೇ ಸಮಾಧಾನವಾಗಿ ಹೇಳಿದ್ದಳು. ಹಾಲಜ್ಜಿ ಓಡಿ ಬಂದಾಗ ಸೊಸೆ ಬಣವೆಯ ಪಕ್ಕ ನೆಲದ ಮೇಲೆ ಕೂತಿದ್ದಳು, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು. ಕಿರುಬೆರಳಿನ ಕೆಳಗೆ ಎರಡು ಕೆಂಪು ಚುಕ್ಕೆ. ಮೋಟು ಮೈಯ ದಪ್ಪ ಹಾವೊಂದು ಬೇಲಿಯ ಬುಡಕ್ಕೆ ಸರಿದುಹೋಗುತ್ತಿತ್ತು.

ಹಾಲಜ್ಜಿ ಕೂಗಿಕೊಂಡಳು, ಬೀದಿ ಸೇರಿತು. ಒಬ್ಬ ದೊಣ್ಣೆ ಹಿಡಿದು ಹಾವಿನ ಹಿಂದೆ ಹೋದ. ಇನ್ನೊಬ್ಬ ಹೊಳೆಯಾಚೆ ಬೇರು ಅರೆದು ಕೊಡುವ ಮುದುಕನ ಬಳಿಗೆ ಒಯ್ಯೋಣವೆಂದ. ಮತ್ತೊಬ್ಬಳು ಹಸಿಮೆಣಸಿನಕಾಯಿ ತಿನ್ನಿಸಿ ನೋಡಿ, ಖಾರ ಹತ್ತಿದರೆ ವಿಷವಿಲ್ಲ ಎಂದಳು. ಅಷ್ಟು ಗದ್ದಲದ ನಡುವೆ ಕಚ್ಚಿಸಿಕೊಂಡವಳೊಬ್ಬಳೇ ಅಲ್ಲಾಡದೆ ಕೂತಿದ್ದಳು. ಹಾವಿನ ಹಿಂದೆ ಹೋಗಬೇಡಿ, ಇನ್ನೊಬ್ಬರಿಗೆ ಕಚ್ಚೀತು ಎಂದಳು. ಪಕ್ಕದ ಮನೆಯ ತರಕಾರಿ ವ್ಯಾನು ಇದೆಯಾ ಎಂದು ಕೇಳಿದಳು. ಮಗಳ ಶಾಲೆಯಲ್ಲಿ ತಾಯಂದಿರನ್ನು ಕೂರಿಸಿ, ಹಾವು ಕಚ್ಚಿದರೆ ಏನು ಮಾಡಬೇಕೆಂದು ಯಾರೋ ಹೇಳಿಕೊಟ್ಟಿದ್ದನ್ನು ಅವಳು ತನ್ನ ರೀತಿಯಲ್ಲೇ, ನಿಧಾನವಾಗಿ, ಮರೆಯದಂತೆ ಕೇಳಿಸಿಕೊಂಡಿದ್ದಳು.

ಹಾಲಜ್ಜಿ ಗೂಟದಿಂದ ಕರುವಿನ ಹಗ್ಗ ಎಳೆದು ತಂದಳು.

"ಕಟ್ಟೋದು ಬೇಡ ಅತ್ತೆ," ಎಂದಳು ಸೊಸೆ.

"ಬಾಯ್ಮುಚ್ಚಿಕೊಂಡು ಕೂತ್ಕೋ. ವಿಷ ನೆತ್ತಿಗೇರೋವರೆಗೂ ನಿನ್ನ ಪುರಾಣ ಕೇಳ್ತಾ ಕೂರಲಾ?"

ಮಣಿಕಟ್ಟಿನ ಮೇಲೆ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಪಾದ ಊರಿ ಜಗ್ಗಿದಳು.

ವ್ಯಾನಿನಲ್ಲಿ ಎಲೆಕೋಸಿನ ಬುಟ್ಟಿಗಳನ್ನು ಕೆಳಗಿಳಿಸಿ ಸೊಸೆಯನ್ನು ಮಲಗಿಸಿದರು. ಹತ್ತಿರದ ಚಿಕ್ಕ ಆಸ್ಪತ್ರೆಯಲ್ಲಿ ಡಾಕ್ಟರಿದ್ದರು, ಹಾಸಿಗೆಯಿತ್ತು, ವಿಷದ ಔಷಧಿ ಇರಲಿಲ್ಲ. ಹಿಂದಿನ ವಾರವೇ ಮುಗಿದಿದೆ, ಬರೆದು ಕೇಳಿದ್ದೇವೆ, ಬಂದಿಲ್ಲ ಎಂದರು. ವ್ಯಾನಿನವನು ತಲೆ ಮೇಲೆ ಕೈ ಹೊತ್ತು ಕೂತ. ಹಾಲಜ್ಜಿ ಅಳಲಿಲ್ಲ. "ಇಲ್ಲದೇ ಇರೋದನ್ನ ಕೇಳ್ತಾ ನಿಂತ್ರೆ ಬರುತ್ತಾ? ಗಾಡಿ ಎತ್ತು," ಎಂದಳು. ದೊಡ್ಡಾಸ್ಪತ್ರೆಯ ದಾರಿಯುದ್ದಕ್ಕೂ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಂಡ ಬಂದಾಗಲೆಲ್ಲ ಎರಡು ಕೈಯಿಂದ ಹಿಡಿದುಕೊಂಡಳು. ಸೊಸೆಯ ಒಸಡಿನಿಂದ ರಕ್ತ ಜಿನುಗುತ್ತಿತ್ತು. ಸೆರಗಿನಿಂದ ಒರೆಸುತ್ತ ಹೋದಳು.

ದೊಡ್ಡಾಸ್ಪತ್ರೆಯ ನರ್ಸಮ್ಮ ದಪ್ಪಗಿನ ಹೆಂಗಸು, ಮಾತು ಕಡಿಮೆ. ಗಾಜಿನ ಕೊಳವೆಗೆ ಒಂದಿಷ್ಟು ರಕ್ತ ತೆಗೆದು ಮೇಜಿನ ಮೇಲೆ ನಿಲ್ಲಿಸಿ, ಯಾರೂ ಮುಟ್ಟಬೇಡಿ ಎಂದಳು. ಬೇರೆ ಕೆಲಸ ಮುಗಿಸಿ ಬಂದು ಕೊಳವೆಯನ್ನು ಬಾಗಿಸಿದಾಗ ರಕ್ತ ನೀರಿನಂತೆ ಹರಿಯಿತು. ಹೆಪ್ಪುಗಟ್ಟಿಲ್ಲ ಎಂದಳು. ಹಾಲಜ್ಜಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ದಿನಾ ಹಾಲಿಗೆ ಹೆಪ್ಪು ಹಾಕುವವಳು ಅವಳು. ಹೆಪ್ಪಾಗದ್ದು ಕೆಟ್ಟಿತೆಂದೇ ಅವಳ ಲೆಕ್ಕ. ಔಷಧಿ ಹನಿ ಹನಿಯಾಗಿ ಇಳಿಯತೊಡಗಿತು. ಸೊಸೆಗೆ ಚಳಿ ನಡುಕ ಬಂತು, ಮೈಯೆಲ್ಲ ದದ್ದು ಎದ್ದಿತು. ನರ್ಸಮ್ಮ ಅದಕ್ಕೂ ಚುಚ್ಚಿ, ಹನಿಯನ್ನು ನಿಧಾನ ಮಾಡಿ, ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು. ಅವಳು ಮಧ್ಯಾಹ್ನದ ಊಟಕ್ಕೆ ಎದ್ದದ್ದನ್ನು ಹಾಲಜ್ಜಿ ಕಾಣಲಿಲ್ಲ.

ಚಿಕ್ಕ ವಯಸ್ಸಿನ ಡಾಕ್ಟರು ಹಗ್ಗವನ್ನು ನೋಡಿ ಯಾರು ಕಟ್ಟಿದ್ದೆಂದು ಕೇಳಿದರು. ಹಗ್ಗ ಸರಿಯಾಗಿ ಕಾಣಿಸುತ್ತಲೂ ಇರಲಿಲ್ಲ. ಊದಿದ ಮಾಂಸದೊಳಗೆ ಹೂತುಹೋಗಿತ್ತು. ತಾನೇ ಬಿಚ್ಚುತ್ತೇನೆಂದು ಹಾಲಜ್ಜಿ ಮುಂದೆ ಬಂದಳು. ಬೆರಳು ಹಾಕಲು ಸಂದಿರಲಿಲ್ಲ. ಉಗುರು ಹಾಕಿದಳು, ಅದೂ ಹಿಡಿಯಲಿಲ್ಲ. ಕೊನೆಗೆ ಡಾಕ್ಟರು ಸಣ್ಣ ಬ್ಲೇಡಿನಿಂದ ಎಳೆ ಎಳೆಯಾಗಿ ಕೊಯ್ದು ತೆಗೆದರು. ಕೆಳಗಿನ ಬೆರಳುಗಳು ಕಪ್ಪಿಟ್ಟಿದ್ದವು.

"ವಿಷಕ್ಕೆ ಔಷಧಿ ಇದೆ ಅಜ್ಜಿ," ಎಂದರು ಡಾಕ್ಟರು. "ಇದಕ್ಕಿಲ್ಲ."

ಹೆಗಲಿಗೆ ಟಿಕೆಟ್ ಚೀಲ ಹಾಕಿಕೊಂಡೇ ಓಡಿ ಬಂದಿದ್ದ ಕಂಡಕ್ಟರ್ ಬಾಗಿಲಲ್ಲಿ ನಿಂತು ಆ ಮಾತನ್ನು ಕೇಳಿಸಿಕೊಂಡ.

ಆ ವಾರ್ಡಿನಲ್ಲಿ ಒಂದೆರಡು ಬಿಟ್ಟು ಮಂಚಗಳೆಲ್ಲ ಭರ್ತಿ. ಪೈರು ಕೊಯ್ಯುವಾಗ ಪಾದಕ್ಕೆ ಕಚ್ಚಿಸಿಕೊಂಡವನು, ನೆಲದ ಮೇಲೆ ಮಲಗಿದ್ದಾಗ ಕಿವಿಯ ಹಿಂದೆ ಕಚ್ಚಿಸಿಕೊಂಡ ಹುಡುಗಿ, ಸೌದೆ ಆಯುವಾಗ ಕೈ ಇಟ್ಟ ಮುದುಕಿ. ಆ ಹುಡುಗಿಯೊಬ್ಬಳನ್ನು ಬಿಟ್ಟರೆ ಎಲ್ಲರೂ ಹೊಟ್ಟೆಪಾಡಿಗೆಂದು ಕೈಯನ್ನೋ ಕಾಲನ್ನೋ ಕಾಣದ ಕಡೆ ಇಟ್ಟವರೇ. ಕೊಯ್ಲಿನ ಕಾಲ ಬಂದರೆ ನಮಗೆ ಹೀಗೇ ಎಂದು ನರ್ಸಮ್ಮ ಹೇಳಿದಳು. ಎದುರು ಮಂಚಕ್ಕೆ ಒಬ್ಬನನ್ನು ಬೇರು ಕುಡಿಸಿ, ಮಂತ್ರ ಹಾಕಿಸಿ, ಸಂಜೆಯ ಹೊತ್ತಿಗೆ ತಂದರು. ಮಾರನೆಯ ದಿನ ಮಂಚ ಖಾಲಿಯಾಯಿತು. ಅವನ ಹೆಂಡತಿ ಚಪ್ಪಲಿಗಳನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದಳು. ಹಾಲಜ್ಜಿ ಅವಳನ್ನು ಕೂರಿಸಿ ಚಹಾ ಕುಡಿಸಿದಳು.

ಸೊಸೆಯ ರಕ್ತ ಎರಡನೆಯ ದಿನ ಹೆಪ್ಪುಗಟ್ಟಿತು. ಪ್ರಾಣಕ್ಕೆ ಭಯವಿಲ್ಲ ಎಂದರು. ಕಿರುಬೆರಳನ್ನು ತೆಗೆದರು. ಪಕ್ಕದ ಉಂಗುರಬೆರಳು ಉಳಿಯುತ್ತದೋ ಇಲ್ಲವೋ ಕೆಲವು ವಾರ ಕಾದು ನೋಡಬೇಕು; ಅದೂ ಹೋದರೆ ಕೈಗೆ ಹಿಡಿತ ಇರುವುದಿಲ್ಲ ಎಂದರು. ಹಿಡಿತವಿಲ್ಲದ ಕೈಯಲ್ಲಿ ಹಾಲು ಕರೆಯಲಾಗದು, ಬಟ್ಟೆ ಹಿಂಡಲಾಗದು, ಬಿಂದಿಗೆ ಎತ್ತಲಾಗದು. ಸೊಸೆ ಎಲ್ಲವನ್ನೂ ಕೇಳಿಸಿಕೊಂಡು, ಬಹಳ ಹೊತ್ತಾದ ಮೇಲೆ, ಉಳಿದ ಬೆರಳಿಗೆ ಏನು ಕೆಲಸ ಕೊಡಬೇಕೆಂದು ಕೇಳಿದಳು. ನರ್ಸಮ್ಮ ಆವತ್ತು ಮೊದಲ ಸಲ ನಕ್ಕಳು. ಬೆಚ್ಚನೆಯ ನೀರಲ್ಲಿ ಮಡಚಬೇಕು, ಬಿಚ್ಚಬೇಕು; ಊಟ ಆ ಕೈಯಲ್ಲೇ ಮಾಡಬೇಕು, ಯಾರೂ ತುತ್ತು ಇಡಬಾರದು ಎಂದು ಹೇಳಿಕೊಟ್ಟಳು.

ಮನೆಯಲ್ಲಿ ಕಂಡಕ್ಟರ್ ತಾಯಿಯೊಂದಿಗೆ ಮಾತು ಬಿಟ್ಟ. ಅವಳು ಬಡಿಸಿದ್ದನ್ನು ಉಣ್ಣಲಿಲ್ಲ. ಡಿಪೋದ ಹತ್ತಿರ ತಿಂದು ಬರುತ್ತಿದ್ದ, ಇಲ್ಲವೇ ಬ್ರೆಡ್ಡು ಕಟ್ಟಿಸಿಕೊಂಡು ಬಂದು ಜಗಲಿಯಲ್ಲಿ ಕೂತು ತಿನ್ನುತ್ತಿದ್ದ. ಏನಾದರೂ ಹೇಳಲೇಬೇಕಾದರೆ ಮಗಳ ಮೂಲಕ.

"ನಿಮ್ಮಜ್ಜಿಗೆ ಹೇಳು, ನನ್ನ ಅಂಗಿ ಒಗೆಯೋದು ಬೇಡ ಅಂತ."

"ಅಜ್ಜಿ ಇಲ್ಲೇ ಒಗೀತಾ ಕೂತಿದ್ದಾಳೆ. ನಾನೇನು ಪೋಸ್ಟ್‌ಮ್ಯಾನಾ?"

"ಅವನ ಚೀಲದಲ್ಲಿ ಚಿಲ್ಲರೆ ಇಲ್ಲ ಅಂದ್ರೂ ಜನ ಸುಮ್ನಿರ್ತಾರೆ," ಎಂದಳು ಹಾಲಜ್ಜಿ ಅಂಗಿ ಹಿಂಡುತ್ತ. "ಬಾಯಲ್ಲಿ ಮಾತಿಲ್ಲದ ಕಂಡಕ್ಟರನ್ನ ಯಾರು ಇಟ್ಕೋತಾರೆ?"

ಹುಡುಗಿ ನಕ್ಕಳು. ಅವನು ನಗಲಿಲ್ಲ.

ಹಾಲಜ್ಜಿ ಎರಡು ಹಸು ಕರೆದು, ಹಾಲು ಹಂಚಿ, ಅಡುಗೆ ಮಾಡಿ, ಹುಡುಗಿಯ ಜಡೆ ಹಾಕಿ, ಆಸ್ಪತ್ರೆಗೆ ಬುತ್ತಿ ಒಯ್ದು ಬರುತ್ತಿದ್ದಳು. ಈ ನಡುವೆ ಒಂದು ಮಧ್ಯಾಹ್ನ ಬಣವೆಯನ್ನೇ ಕೆಡವಿ ಹಾಕಿದಳು. ನಾಲ್ಕು ಕಲ್ಲುಚಪ್ಪಡಿಗಳನ್ನು ಉರುಳಿಸಿ ತಂದು, ನೆಲದಿಂದ ಮೊಣಕಾಲೆತ್ತರಕ್ಕೆ ಅಟ್ಟ ಕಟ್ಟಿ, ಅದರ ಮೇಲೆ ಹುಲ್ಲು ಒಟ್ಟಿದಳು. ಕಮ್ಮಾರನ ಬಳಿ ಕೊಕ್ಕೆಯಿರುವ ಕಬ್ಬಿಣದ ಸಲಾಕೆ ಮಾಡಿಸಿದಳು. ಇನ್ನು ಮೇಲೆ ನೆತ್ತಿಯಿಂದಲೇ, ಸಲಾಕೆಯಿಂದಲೇ ಎಳೆಯುವುದು. ಮಳೆ ಬಂದರೆ ಕೊಳೆಯುವುದಿಲ್ಲವೇ ಎಂದು ಪಕ್ಕದ ಮನೆಯವಳು ಕೇಳಿದಳು. ಕೊಳೆತರೆ ಹುಲ್ಲು ತಾನೇ ಕೊಳೆಯೋದು ಎಂದಳು ಹಾಲಜ್ಜಿ.

ಸೊಸೆ ಮನೆಗೆ ಬಂದಳು. ಕೈಗೆ ಬಟ್ಟೆ ಸುತ್ತಿತ್ತು. ಮೊದಲ ದಿನ ಅವಳ ತಲೆಗೆ ನೀರು ಹಾಕುವಾಗ ಹಾಲಜ್ಜಿ ಏನೇನೋ ಮಾತಾಡಿದಳು. ಹಸು ಹಾಲು ಕಡಿಮೆ ಮಾಡಿದ್ದು, ವರ್ತನೆಯವರು ಬೈದದ್ದು. ನೀರು ಮುಗಿಯುತ್ತ ಬಂದಾಗ ಸೊಸೆ ಹೇಳಿದಳು.

"ನಾನು ಕಟ್ಟಬೇಡಿ ಅಂದಿದ್ದೆ ಅತ್ತೆ."

"ಗಾಬರಿಲಿ ಕೇಳಿಸಲಿಲ್ಲ ಕಣೆ."

"ಕೇಳಿಸ್ತು."

ಹಾಲಜ್ಜಿಯ ಕೈಯಲ್ಲಿ ತಂಬಿಗೆ ನಿಂತಿತು. ಆಮೇಲೆ, "ಹೌದು, ಕೇಳಿಸ್ತು," ಎಂದಳು. ಸೊಸೆ ತಲೆ ಬಗ್ಗಿಸಿದಳು, ಉಳಿದ ನೀರು ಹಾಕಿಸಿಕೊಳ್ಳಲು.

ಅಲ್ಲಿಂದ ದಿನವೂ ಬೆಳಿಗ್ಗೆ ಸಂಜೆ ಬೋಗುಣಿಯಲ್ಲಿ ಬೆಚ್ಚನೆಯ ನೀರು. ಸೊಸೆ ಬೆರಳು ಮಡಚುವಳು. ತುಟಿ ಕಚ್ಚಿ, ಬೆವರಿಳಿಸುತ್ತ, ಅಕ್ಕಿಕಾಳಿನಷ್ಟು ಮಡಚುವಳು. ನೀರು ಆರಿದರೆ ಹಾಲಜ್ಜಿ ಬೇರೆ ತರುವಳು. ಊಟಕ್ಕೆ ಕೂತರೆ ಹತ್ತು ತುತ್ತಿನಲ್ಲಿ ಆರು ನೆಲಕ್ಕೆ. ನೋಡಲಾರದೆ ಹಾಲಜ್ಜಿಯ ಕೈ ಮುಂದೆ ಹೋಗುತ್ತಿತ್ತು. ಮೊಮ್ಮಗಳು ಅದನ್ನು ಹಿಡಿದು ಹಿಂದಕ್ಕೆ ಇಡುತ್ತಿದ್ದಳು. ಊಟ ಮುಗಿಯುವ ಹೊತ್ತಿಗೆ ಹಸು ಎರಡು ಸಲ ಅಂಬಾ ಎಂದಿರುತ್ತಿತ್ತು. ಆ ನಿಧಾನವನ್ನು ಇಷ್ಟು ವರ್ಷ ಸೋಮಾರಿತನ ಎಂದುಕೊಂಡಿದ್ದೆನಲ್ಲ ಎಂದು ಹಾಲಜ್ಜಿ ಹಸುವಿನ ಮುಂದೆ ಹೇಳಿಕೊಂಡಳು. ತನ್ನ ಕೈಗೆ ಹೀಗಾಗಿದ್ದರೆ ಮೂರನೆಯ ದಿನ ಬೋಗುಣಿಯನ್ನು ಗೋಡೆಗೆ ಎಸೆದಿರುತ್ತಿದ್ದೆ ಎಂದೂ ಹೇಳಿದಳು.

ಅಷ್ಟರಲ್ಲಿ ಕಂಡಕ್ಟರ್ ಡಿಪೋದ ಪಕ್ಕ ಒಂದು ರೂಮು ನೋಡಿದ. ಒಂದು ಸಂಜೆ ನೇರವಾಗಿ ತಾಯಿಯ ಮುಖ ನೋಡಿ, ಅಷ್ಟು ದಿನಗಳಲ್ಲಿ ಮೊದಲ ಸಲ ಮಾತಾಡಿದ.

"ಕೈ ಒಂದು ಹಂತಕ್ಕೆ ಬರಲಿ, ಇವರಿಬ್ಬರನ್ನೂ ಕರ್ಕೊಂಡು ಹೋಗ್ತೀನಿ. ಇಲ್ಲಿದ್ರೆ ಇನ್ನೊಂದು ಬೆರಳೂ ಹೋಗುತ್ತೆ."

ಹಾಲಜ್ಜಿ ಕರುವಿಗೆ ನೀರು ಇಡಬೇಕೆಂದು ಎದ್ದುಹೋದಳು.

ಅದಾದ ಕೆಲವೇ ದಿನಕ್ಕೆ ತರಕಾರಿ ವ್ಯಾನಿನವನ ತಮ್ಮನಿಗೆ ಹಾವು ಕಚ್ಚಿತು. ಹೊಲದ ಬದುವಿನಲ್ಲಿ ಇಟ್ಟಿದ್ದ ಟೊಮೆಟೊ ಕ್ರೇಟು ಎತ್ತುವಾಗ, ಕಾಲಿನ ಗಿಣ್ಣಿಗೆ. ಹೆಗಲು ಕೊಟ್ಟು ಮನೆಯವರೆಗೆ ನಡೆಸಿಕೊಂಡೇ ಬಂದಿದ್ದರು. ನಾಲ್ಕೈದು ಜನ ಹಗ್ಗ ಹಿಡಿದುಕೊಂಡು ಹಾಲಜ್ಜಿಯ ಬಾಗಿಲಿಗೆ ಬಂದರು. ನಿನ್ನ ಗಂಟಿಗಿಂತ ಗಟ್ಟಿ ಇನ್ನಾವುದಿದೆ, ಬೇಗ ಬಾ ಎಂದರು.

ಹಾಲಜ್ಜಿ ಅವರ ಕೈಯಿಂದ ಹಗ್ಗ ತೆಗೆದುಕೊಂಡು ತನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಳು. ಯಾರಿಗೂ ಕೊಡಲಿಲ್ಲ. ಹುಡುಗನ ಬಳಿಗೆ ಹೋಗಿ, ಅವನ ಸುತ್ತ ಸೇರಿದ್ದ ಜನರನ್ನೆಲ್ಲ ಹಿಂದಕ್ಕೆ ತಳ್ಳಿ ನಿಂತಳು.

"ಯಾರೂ ಕಟ್ಟಬೇಡಿ. ನನ್ನ ಸೊಸೆ ಕೈ ನೋಡಿದ್ದೀರಲ್ಲ, ಅದು ಹಾವು ಮಾಡಿದ್ದಲ್ಲ. ನಾನು ಮಾಡಿದ್ದು. ಅವಳು ಬೇಡ ಬೇಡ ಅಂದ್ಲು, ನಾನೇ ಕೇಳದೆ ಕಟ್ಟಿದೆ."

ಬೀದಿಗೆ ಅದು ಗೊತ್ತಿಲ್ಲದ್ದೇನಲ್ಲ, ಗುಸುಗುಸು ಇದ್ದೇ ಇತ್ತು. ಅವಳ ಬಾಯಿಂದಲೇ ಬಂದ ಮೇಲೆ ಹಗ್ಗ ತಂದವರು ಎರಡು ಹೆಜ್ಜೆ ಹಿಂದೆ ಸರಿದರು. ಹಿಂದಿನಿಂದ ಸೊಸೆ ನಡೆದು ಬಂದಳು. ಈ ಸಲ ಎಲ್ಲರೂ ಅವಳು ಬಂದು ಮುಟ್ಟುವವರೆಗೆ ಕಾದರು. ಅವನನ್ನು ಇನ್ನು ಒಂದು ಹೆಜ್ಜೆಯೂ ನಡೆಸಬೇಡಿ, ಬಾಗಿಲ ಹಲಗೆಯ ಮೇಲೆ ಮಲಗಿಸಿ ಎತ್ತಿ, ಕಾಲು ಅಲ್ಲಾಡದಂತೆ ಎರಡು ಕಡೆ ದಿಂಬು ಕೊಡಿ, ಮೊದಲು ಫೋನು ಮಾಡಿ ಔಷಧಿ ಎಲ್ಲಿದೆ ಎಂದು ಕೇಳಿ ಹೊರಡಿ ಎಂದಳು. ಅವಳು ಒಂದೊಂದೇ ಹೇಳಿದಂತೆ ಅವರು ಒಂದೊಂದೇ ಮಾಡಿದರು. ಹಾಲಜ್ಜಿ ವ್ಯಾನು ಹತ್ತಿ ಕೂತು, ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ವಾರ ಕಳೆಯುವುದರೊಳಗೆ ಹುಡುಗ ಎರಡು ಕಾಲಿನಲ್ಲಿ ನಡೆದು ಮನೆಗೆ ಬಂದ.

ಕಂಡಕ್ಟರ್‌ಗೆ ಸುದ್ದಿ ಪೂರ್ತಿ ಸಿಕ್ಕಿದ್ದು ಬಸ್ಸಿನಲ್ಲಿ; ಮನೆಯಲ್ಲಿ ಆ ಮಾತನ್ನು ಅವನು ಎತ್ತಗೊಟ್ಟಿರಲಿಲ್ಲ. ಹಿಂದಿನ ಸೀಟಿನ ಹೆಂಗಸರು ಹೇಳಿಕೊಳ್ಳುತ್ತಿದ್ದರು. ಒಬ್ಬ ಮುದುಕಿಯಂತೆ, ತನ್ನ ತಪ್ಪನ್ನು ಬೀದಿಯಲ್ಲಿ ನಿಂತು ಹೇಳಿದಳಂತೆ, ಒಬ್ಬನ ಕಾಲು ಉಳಿಯಿತಂತೆ. ಅವನು ಟಿಕೆಟ್ ಹರಿಯುತ್ತ ಹರಿಯುತ್ತ ಅವರಿಗೆ ಕೊಡಬೇಕಾದ ಚಿಲ್ಲರೆಯನ್ನು ಮರೆತು ಮುಂದಕ್ಕೆ ಹೋದ. ಆದರೆ ರೂಮಿಗೆ ಮುಂಗಡ ಕೊಟ್ಟಾಗಿತ್ತು, ಬೀಗದ ಕೈ ಜೇಬಿನಲ್ಲಿತ್ತು, ಹಟಕ್ಕೂ ಒಂದು ಮರ್ಯಾದೆ ಇರುತ್ತದೆ.

ಅಂದೇ ಸೊಸೆಗೆ ಆಸ್ಪತ್ರೆಯ ದಿನ. ಡಾಕ್ಟರು ಉಂಗುರಬೆರಳನ್ನು ಒತ್ತಿ ನೋಡಿದರು. ಬಿಳಚಿದ ಉಗುರಿನ ಕೆಳಗೆ ಕೆಂಪು ಮೆಲ್ಲಗೆ ಮರಳಿ ಬಂತು. ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಬಂತು. ಬೆರಳು ಉಳಿಯಿತು ಎಂದರು. ಮೊದಲಿನಷ್ಟು ಮಡಚಲಾರದು, ಕೆಲಸ ಕೊಟ್ಟಷ್ಟೂ ಹಿಡಿತ ಬರುತ್ತದೆ. ನರ್ಸಮ್ಮ ಆ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು, ಹಿಂಡು ನೋಡೋಣ ಎಂದಳು. ಸೊಸೆ ಹಿಂಡಿದಳು. ನರ್ಸಮ್ಮ ನೋವಾಯಿತೆಂದು ಸುಳ್ಳು ಸುಳ್ಳೇ ಮುಖ ಕಿವುಚಿದಳು.

ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕೂತರು. ಹಾಲಜ್ಜಿ ಅನ್ನ, ಬೇಳೆ ಬಡಿಸಿದಳು. ಕಂಡಕ್ಟರ್ ಹೊಸ್ತಿಲ ಬಳಿ ಬ್ರೆಡ್ಡಿನ ಪೊಟ್ಟಣ ಹಿಡಿದು ಕೂತಿದ್ದ. ಬೀಗದ ಕೈಯನ್ನು ತೆಗೆದು ನೆಲದ ಮೇಲಿಟ್ಟು, ಬೆರಳು ಹೇಗೂ ಉಳಿಯಿತಲ್ಲ, ನಾಳೆ ಗಾಡಿಗೆ ಹೇಳಿದ್ದೇನೆ, ಬಟ್ಟೆಬರೆ ಕಟ್ಟಿಕೊಳ್ಳಿ ಎಂದ.

ಸೊಸೆ ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಿದ್ದಳು. ಎಲ್ಲರೂ ಕಾದರು.

"ನನಗೆ ಕಚ್ಚಿದಾಗ ನೀವೆಲ್ಲಿದ್ರಿ?" ಎಂದಳು.

"ಡ್ಯೂಟಿಲಿದ್ದೆ. ಅದಕ್ಕೇನೀಗ?"

"ನೀವಿರಲಿಲ್ಲ, ಅವರಿದ್ರು. ಬೇಡ ಅಂದ್ರೂ ಕಟ್ಟಿದ್ರು. ಅದಕ್ಕೆ ನನಗೆ ಈಗಲೂ ಸಿಟ್ಟಿದೆ, ಅವರಿಗೂ ಅದು ಗೊತ್ತು." ಇನ್ನೊಂದು ತುತ್ತು ಕಲಸಿದಳು. ಮೂರು ಬೆರಳು ಅನ್ನವನ್ನು ಕೂಡಿಸಿದವು, ನಾಲ್ಕನೆಯದು ಮಡಚಲಾರದೆ ಪಕ್ಕದಲ್ಲಿ ನಿಂತು ಒತ್ತಿಕೊಟ್ಟಿತು. "ಚಿಕ್ಕಾಸ್ಪತ್ರೆಲಿ ಔಷಧಿ ಇಲ್ಲ ಅಂದಾಗ ನಾನು ಮುಗೀತು ಅಂದ್ಕೊಂಡೆ. ಗಾಡಿ ಎತ್ತು ಅಂದವರು ಅವರು. ಕಟ್ಟಿದ ಕೈನೂ ಅವರದೇ, ನನ್ನ ತಲೆ ಹಿಡ್ಕೊಂಡಿದ್ದ ಕೈನೂ ಅವರದೇ. ಹೋದ ಬೆರಳು ನಂದು, ಸಿಟ್ಟು ನಂದು. ನೀವ್ಯಾಕೆ ಅದನ್ನ ಹೊತ್ಕೊಂಡು ತಿರುಗ್ತಿದ್ದೀರಿ?"

ಹಾಲಜ್ಜಿ ಸೌಟನ್ನು ಪಾತ್ರೆಯಲ್ಲಿ ತಿರುವುತ್ತಲೇ ಇದ್ದಳು.

"ಈ ಬೆರಳಿಗೆ ಕೆಲಸ ಕೊಡಬೇಕಂತೆ," ಎಂದಳು ಸೊಸೆ. "ನಾಳೆ ಬೆಳಿಗ್ಗೆ ಹಾಲು ಕರೀತೀನಿ. ರೂಮಿನವರು ಹಸು ಬಿಡ್ತಾರಾ, ಕೇಳಿದ್ರಾ?"

ಮೊಮ್ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕಂಡಕ್ಟರ್ ಬ್ರೆಡ್ಡಿನ ಪೊಟ್ಟಣವನ್ನು ಒಮ್ಮೆ ಬಿಚ್ಚಿದ, ಮತ್ತೆ ಮಡಚಿದ. ಹೆಂಡತಿ ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಅವಳ ತಟ್ಟೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು.

ಕೊನೆಗೆ ಅವನು ಹೊಸ್ತಿಲು ಬಿಟ್ಟು ಒಳಗೆ ಬಂದು ಕೂತ. ತಟ್ಟೆ ತರಲು ಮಗಳು ಏಳಹೊರಟಳು. ಅವನು ಅವಳ ಭುಜ ಒತ್ತಿ ಕೂರಿಸಿದ.

"ಅಮ್ಮ, ನನಗೂ ಬಡಿಸು."

ಹಾಲಜ್ಜಿ ಬಡಿಸಿದಳು. ಅನ್ನ ಆರಿತ್ತು. ಬಿಸಿ ಮಾಡಲು ಯಾರೂ ಏಳಲಿಲ್ಲ.